ಬರ್ತೀನಿ ಅಂದವರು

ನಮ್ಮ ಚಿಕ್ಕಮ್ಮ ಎಲ್ಲದಕ್ಕೂ ಹೆಸರಿಡುವ ಪೈಕಿ. ಒಗೆದ ಅಂಗಿ ಕೈಗೆ ಕೊಟ್ಟರೆ ಮೊದಲು ಕಾಲರ್ ಬಿಡಿಸಿ ನೋಡುತ್ತಾಳೆ. ಗುಡಿಸಿದ ಮನೆಯಲ್ಲಿ ಬಾಗಿಲ ಹಿಂದಕ್ಕೆ ಬಗ್ಗುತ್ತಾಳೆ. ನಾನು ಫಾರ್ಮಸಿ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟು ತಂದು ತೋರಿಸಿದರೆ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ, ಕೊನೆಗೆ "ಫೋಟೋದಲ್ಲಿ ಯಾಕೆ ಇಷ್ಟು ಸಪ್ಪೆ ಮೋರೆ ಹಾಕ್ಕೊಂಡಿದೀಯ" ಎಂದಳು. ಪಕ್ಕದಲ್ಲಿದ್ದ ಚಿಕ್ಕಪ್ಪ, "ಇವಳು ಸ್ವರ್ಗಕ್ಕೆ ಹೋದ್ರೂ ಅಲ್ಲಿ ಫ್ಯಾನು ಸದ್ದು ಮಾಡುತ್ತೆ ಅಂತಾಳೆ" ಎಂದು ನಕ್ಕರು. ಇಂಥವಳಿಗೆ ಐವತ್ತು ದಾಟಿದ ಮೇಲೆ ನಿಜವಾಗಿಯೂ ಹೆಸರಿಡುವುದೇ ಕೆಲಸವಾಗಿ ಬಂತು. ಅವಳ ಬಗ್ಗೆ ಹೇಳಬೇಕಾದರೆ ಅಲ್ಲಿಂದಲೇ ಶುರು ಮಾಡಬೇಕು.

ನಾವಿಬ್ಬರೂ ಒಂದೇ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೇವೆ. ಮುಂಬಾಗಿಲಿಂದ ಒಳಗೆ ಬಂದರೆ ಎಡಗಡೆ ಟೋಕನ್ ಯಂತ್ರ, ಎದುರಿಗೆ ಗಾಜಿನ ಹಿಂದೆ ಚಿಕ್ಕಮ್ಮನ ದಾಖಲಾತಿ ಕೌಂಟರು, ನಡುವೆ ನೆಲಕ್ಕೆ ಬೋಲ್ಟು ಹಾಕಿದ ಕುರ್ಚಿಗಳ ಸಾಲು, ಸಾಲಿನ ಕೊನೆಗೆ ನನ್ನ ಔಷಧಿ ಕೌಂಟರು. ಕುರ್ಚಿಗಳ ಎದುರಿನ ಗೋಡೆಯಲ್ಲಿ ಒಂದು ದೊಡ್ಡ ಪರದೆ. ಅವತ್ತು ಯಾರ್ಯಾರು ಬರಬೇಕು, ಯಾರು ಬಂದರು ಅನ್ನುವುದು ಅದರಲ್ಲಿ ಕಾಣುತ್ತದೆ. ಚಿಕ್ಕಮ್ಮ ಮದುವೆಯಾದ ಹೊಸದರಲ್ಲಿ ಆ ಗಾಜಿನ ಹಿಂದೆ ಕೂತವಳು, ಕೂದಲು ನರೆತರೂ ಅಲ್ಲಿಂದ ಎದ್ದಿಲ್ಲ.

ಊರಿನ ಆಸ್ಪತ್ರೆಗಳು, ಲ್ಯಾಬುಗಳು, ಔಷಧಿ ಅಂಗಡಿಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವುದಕ್ಕೆ ಒಂದು ಸಾಫ್ಟ್‌ವೇರ್ ಇದೆ. ನಮ್ಮಲ್ಲಿ ಒಬ್ಬರನ್ನು ಸೇರಿಸಿಕೊಂಡರೆ ಲ್ಯಾಬಿಗೆ ತಿಳಿಯಬೇಕು, ಲ್ಯಾಬಿನವರು ನೋಡಿದ್ದು ಡಾಕ್ಟರಿಗೆ ಬರಬೇಕು, ಡಾಕ್ಟರು ಬರೆದದ್ದು ನನ್ನ ಕೌಂಟರಿಗೆ ಬರಬೇಕು. ಬರುತ್ತಿತ್ತು, ಆದರೆ ಎಲ್ಲ ಪ್ರೋಗ್ರಾಮರ್‌ಗಳ ಭಾಷೆಯಲ್ಲಿ. ಒಂದು ಸಣ್ಣ ಬದಲಾವಣೆ ಬೇಕಾದರೂ ಯಾವುದೋ ದೂರದ ಆಫೀಸಿಗೆ ಬರೆದು, ಮುಖ ನೋಡಿರದ ಯಾರದ್ದೋ ಕೈಕಾಲು ಹಿಡಿಯಬೇಕು. ಒಂದು ಸಲ ಹೆರಿಗೆ ವಾರ್ಡಿನಲ್ಲಿ ಇನ್ನೂ ಹೆಸರಿಡದ ಕೂಸಿನ ಚೀಟಿಯಲ್ಲಿ, ಹೆಸರಿನ ಜಾಗದಲ್ಲಿ, 'ಮೌಲ್ಯ ಶೂನ್ಯ' ಅಂತ ಅಚ್ಚಾಗಿ ಬಂತು. ಬಾಣಂತಿ ಅದನ್ನು ಓದಿ ಬಿಕ್ಕಿ ಬಿಕ್ಕಿ ಅತ್ತಳು. ಚಿಕ್ಕಮ್ಮ ಆ ಚೀಟಿ ಹಿಡಿದುಕೊಂಡು ಮೇಲಿನವರ ಕೋಣೆಗೆ ಹೋದಳು. "ನಿಮ್ಮ ಮಕ್ಕಳಿಗೂ ಹೀಗೇ ಬರೆದಿದ್ರಾ?" ಎಂದು ಕೇಳಿ ಅವರ ನೀರಿಳಿಸಿದಳು. ಇವಳನ್ನು ಎದುರು ಹಾಕಿಕೊಳ್ಳುವುದಕ್ಕಿಂತ ಕೆಲಸಕ್ಕೆ ಹಚ್ಚುವುದು ವಾಸಿ ಅಂತ ಅವರಿಗೆ ಅನ್ನಿಸಿರಬೇಕು. ಕಂಪನಿಯಿಂದ ಒಬ್ಬ ಇಂಜಿನಿಯರ್ ಬರುತ್ತಾರೆ, ನೀವು ಅವರ ಜೊತೆ ಕೂತು ಎಲ್ಲರಿಗೂ ಅರ್ಥವಾಗುವ ಹಾಗೆ ಮಾಡಿಸಿ ಎಂದರು.

ಬಂದ ಇಂಜಿನಿಯರ್ ಚಿಕ್ಕಮ್ಮನ ವಾರಿಗೆಯ ಹೆಂಗಸು. ಮಾತು ಕಡಿಮೆ, ಚಹಾ ಜಾಸ್ತಿ. ಅವರು ತಂದ ಹೊಸ ಪರದೆಯಲ್ಲಿ ಕೋಡು ಗೀಡು ಏನೂ ಇರಲಿಲ್ಲ. ಬರೀ ಡಬ್ಬಿಗಳು. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಬೆರಳಲ್ಲಿ ಗೆರೆ ಎಳೆದರೆ ಸುದ್ದಿ ಆ ದಾರಿ ಹಿಡಿದು ಹೋಗುತ್ತದೆ. ಅದಕ್ಕೇ ನಾವು ಅವರನ್ನು ಗೆರೆ ಮೇಡಂ ಅಂತ ಕರೆಯುತ್ತಿದ್ದೆವು.

"ಡಬ್ಬಿಗಳಿಗೆ ಹೆಸರು ನೀವು ಹೇಳಿ" ಎಂದರು ಗೆರೆ ಮೇಡಂ. "ಪುಸ್ತಕದ ಮಾತು ಬೇಡ. ಬಾಯಲ್ಲಿ ಏನಂತೀರೋ ಅದೇ ಇರಲಿ."

ಚಿಕ್ಕಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಒಬ್ಬರದ್ದೇ ಎರಡು ದಾಖಲೆ ಸಿಕ್ಕಿದರೆ ಅದನ್ನು ಕೂಡಿಸುವ ಡಬ್ಬಿಗೆ 'ಇಬ್ಬರೂ ಒಬ್ಬರೇ' ಎಂದು ಇಟ್ಟಳು. ಬಿಪಿಗೆ, ಸಕ್ಕರೆಗೆ ತಪ್ಪದೆ ಮಾತ್ರೆ ತೆಗೆದುಕೊಳ್ಳುವವರ ಡಬ್ಬಿ 'ತಿಂಗಳ ಮಾತ್ರೆಯವರು'. ಟೋಕನ್ ಯಂತ್ರದಲ್ಲಿ ತಮ್ಮ ಚೀಟಿಯ ನಂಬರು ಒತ್ತಿದವರು 'ಬಂದರು'. ಆ 'ಬಂದರು' ಡಬ್ಬಿಯಿಂದ ನನ್ನ ಕೌಂಟರಿಗೆ ತಾನೇ ಒಂದು ಗೆರೆ ಎಳೆದಳು. ತಿಂಗಳ ಮಾತ್ರೆಯವರು ಬಂದು ನಂಬರು ಒತ್ತಿದ ಕೂಡಲೇ ಅವರ ಮಾತ್ರೆ ನನ್ನ ಪರದೆಗೆ ಬರುತ್ತದೆ, ಬರೀ ಮಾತ್ರೆಗೋಸ್ಕರ ಡಾಕ್ಟರ ಬಾಗಿಲಲ್ಲಿ ಕಾಯಬೇಕಾಗಿಲ್ಲ. ಮೊಣಕಾಲು ನೋವಿನ ಮುದುಕರು ಅವಳಿಗೆ ಕೈ ಮುಗಿದರು. ಒಂದೂ ಪ್ರೋಗ್ರಾಂ ಬರೆಯದೆ, ಒಬ್ಬರ ಹತ್ತಿರವೂ ಬೇಡದೆ, ಬೆರಳಲ್ಲಿ ಒಂದು ಗೆರೆ ಎಳೆದು ಮಾಡಿದ ಕೆಲಸ. ಅವಳು ಬೀಗಿದ್ದರಲ್ಲಿ ತಪ್ಪೇನೂ ಇಲ್ಲ.

ವಾಸಿಯಾಗಿ ಮನೆಗೆ ಹೊರಟವರ ಡಬ್ಬಿಯ ಹತ್ತಿರ ಮಾತ್ರ ಜಗಳವಾಯಿತು. ಹಳೆಯದರಲ್ಲಿ ಅದಕ್ಕೆ 'ಬಿಡುಗಡೆ' ಎಂದಿತ್ತು.

"ಇದೇನು ಜೈಲಾ?" ಎಂದಳು ಚಿಕ್ಕಮ್ಮ.

"ಹಾಗಾದ್ರೆ 'ಹೋದವರು' ಅಂತ ಇಡೋಣ" ಎಂದರು ಗೆರೆ ಮೇಡಂ.

ಚಿಕ್ಕಮ್ಮ ಅವರ ಕೈ ಹಿಡಿದುಕೊಂಡಳು. "ಆಸ್ಪತ್ರೆ ಒಳಗೆ ಕೂತ್ಕೊಂಡು ಆ ಮಾತು ಆಡಬೇಡಿ ಮೇಡಂ. ಇಲ್ಲಿ ಹೋದ್ರು ಅಂದ್ರೆ ಒಂದೇ ಅರ್ಥ. ಮನೆಯಿಂದ ಆಚೆ ಕಾಲಿಡುವಾಗಲೇ ಯಾರೂ ಹೋಗ್ತೀನಿ ಅನ್ನಲ್ಲ, ಬರ್ತೀನಿ ಅಂತಾರೆ. ಇನ್ನು ಇಲ್ಲಿಂದ ಹೊರಡೋರು ಅಂತಾರಾ? ನೆಟ್ಟಗಾಗಿ ಚೀಲ ಎತ್ಕೊಂಡು ಹೊರಟವರೆಲ್ಲ ನನ್ನ ಗಾಜಿನ ಮುಂದೆ ನಿಂತು ಬರ್ತೀನಮ್ಮಾ ಅಂದೇ ಹೋಗೋದು."

ಹಾಗೆ ಬದುಕಿ ಹೊರಟವರ ಡಬ್ಬಿಗೆ 'ಬರ್ತೀನಿ ಅಂದವರು' ಎಂದು ಹೆಸರಾಯಿತು. ತೀರಿಕೊಂಡವರದ್ದು 'ಹೋದವರು'. ವಾರ್ಡಿನ ಸಿಸ್ಟರ್‌ಗಳಿಗೆ ಯಾರೂ ಏನೂ ಕಲಿಸಬೇಕಾಗಲಿಲ್ಲ, ನೋಡಿದ ತಕ್ಷಣ ಅರ್ಥವಾಯಿತು. ಅರ್ಥವಾದದ್ದೇ ಹೆಚ್ಚಾಯಿತು ಅನ್ನುವುದು ನಮಗೆ ಗೊತ್ತಾದದ್ದು ಬಹಳ ತಡವಾಗಿ.

ಬರ್ತೀನಿ ಅಂದವರಿಗೆ ಸ್ವಲ್ಪ ಕಾಲದ ಮೇಲೆ ಮತ್ತೆ ಬಂದು ತೋರಿಸಿಕೊಳ್ಳಲು ಒಂದು ಸೋಮವಾರ ಗೊತ್ತಾಗುತ್ತದೆ. ಅದಕ್ಕೂ ಮುಂಚೆ ಮನೆಯವರ ಫೋನಿಗೆ ಒಂದು ಸಂದೇಶ. ಮೊದಲು ಅದರಲ್ಲಿ 'ಅನುಸರಣಾ ಭೇಟಿ ನಿಗದಿಯಾಗಿದೆ' ಅಂತಿತ್ತು. ಓದಿದವರು ಏನು ದಂಡ ಕಟ್ಟಬೇಕೋ ಅಂತ ಹೆದರಿ ಓಡಿ ಬರುತ್ತಿದ್ದರು. ಚಿಕ್ಕಮ್ಮ ಅದನ್ನೂ ತಿದ್ದಿದಳು: 'ನಿಮ್ಮವರು ಸೋಮವಾರ ಬರುವವರಿದ್ದಾರೆ. ಮರೆಯಬೇಡಿ.'

ಆ ವರ್ಷವೇ ಚಿಕ್ಕಪ್ಪನಿಗೆ ಹೊಟ್ಟೆಯೊಳಗೆ ಏನೋ ಎದ್ದಿತು. ಅವರು ಶಾಲೆಯ ವ್ಯಾನು ಓಡಿಸುತ್ತಿದ್ದವರು. ಬೆಳಿಗ್ಗೆ ಮಕ್ಕಳು ಕಾಯುತ್ತಾರೆ ಅಂತ ನೋವನ್ನು ಹಲ್ಲು ಕಚ್ಚಿ ತಡೆದುಕೊಂಡು, ತಡೆಯಲಾಗದ ದಿನ ನಮ್ಮಲ್ಲಿಗೇ ಬಂದರು. ಮೊದಲೇ ಬಿಪಿ, ತಿಂಗಳ ಮಾತ್ರೆಯವರು. ಆಪರೇಷನ್ ಮಾಡಲೇಬೇಕು ಎಂದರು ಡಾಕ್ಟರು. ಥಿಯೇಟರಿನ ಬಾಗಿಲ ತನಕ ನಾವಿಬ್ಬರೂ ಟ್ರಾಲಿಯ ಜೊತೆ ನಡೆದೆವು. ಚಿಕ್ಕಮ್ಮ ಹೊದಿಕೆಯ ಮಡಿಕೆ ಸರಿಯಿಲ್ಲ ಅಂತ ಆಯಾಳನ್ನು ಬೈಯುತ್ತಿದ್ದಳು. ಬೈಯುವುದನ್ನು ನಿಲ್ಲಿಸಿದರೆ ಅಳು ಬರುತ್ತದೆ ಅಂತ ಅವಳಿಗೆ ಗೊತ್ತಿತ್ತು. ಚಿಕ್ಕಪ್ಪ ಅವಳ ಕೈ ಮುಟ್ಟಿ "ಬರ್ತೀನಿ" ಎಂದರು. ಕಾಲ ಹತ್ತಿರ ನಿಂತಿದ್ದ ವಾರ್ಡಿನ ಸಿಸ್ಟರ್ ಕೈಯಲ್ಲಿದ್ದ ಟ್ಯಾಬಿನಲ್ಲಿ ಏನೋ ಒತ್ತಿದಳು. ಆ ಹೊತ್ತಿನಲ್ಲಿ ಅದನ್ನೆಲ್ಲ ಯಾರು ನೋಡುತ್ತಾರೆ.

ಚಿಕ್ಕಪ್ಪ ಟೇಬಲ್ಲಿನ ಮೇಲೇ ಹೋಗಿಬಿಟ್ಟರು.

ಚಿಕ್ಕಮ್ಮ ಬೇಗನೇ ಕೆಲಸಕ್ಕೆ ಬಂದಳು. ಮನೆಯಲ್ಲಿ ಹೆಸರಿಡುವುದಕ್ಕೆ ಯಾರೂ ಇರಲಿಲ್ಲ, ಅದಕ್ಕೇ ನಾನು ನನ್ನ ಗಂಟುಮೂಟೆ ಕಟ್ಟಿಕೊಂಡು ಅವಳ ಮನೆಗೆ ಹೋದೆ. ಮಕ್ಕಳಿಲ್ಲದ ಅವಳಿಗೆ ನಾನೇ ಮಗಳು, ಅಮ್ಮ ತೀರಿಕೊಂಡ ಮೇಲೆ ನನಗೆ ಅವಳೇ ಅಮ್ಮ. ನನ್ನ ಅಡಿಗೆಗೆ, ನಾನು ಹಾಸಿದ ಹಾಸಿಗೆಗೆ, ನಾನು ಟವೆಲ್ ಒಣಗಿಸುವ ರೀತಿಗೆ ಅವಳು ತಪ್ಪು ಹುಡುಕತೊಡಗಿದಾಗ ನನಗೆ ಜೀವಕ್ಕೆ ಸಮಾಧಾನವಾಯಿತು.

ಆಮೇಲೆ ಒಂದು ಸೋಮವಾರ ಬೆಳಿಗ್ಗೆ ಒಬ್ಬಳು ಹೆಂಗಸು ಅವಳ ಗಾಜಿನ ಮುಂದೆ ಬಂದು ನಿಂತಳು. ಮಡಿಕೆ ಕೆಡದ ಸೀರೆ, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. ಫೋನು ತೋರಿಸಿ, "ನಮ್ಮ ಮಾವ ಇವತ್ತು ಬರ್ತಾರೆ ಅಂತ ಬಂದಿದೆ. ಎಷ್ಟು ಹೊತ್ತಿಗೆ ಬರ್ತಾರೆ?" ಎಂದಳು.

"ಜೊತೇಲಿ ಕರ್ಕೊಂಡು ಬರ್ಲಿಲ್ವಾ?" ಎಂದಳು ಚಿಕ್ಕಮ್ಮ.

"ಹೇಗೆ ಕರ್ಕೊಂಡು ಬರೋದು? ಅವರು ಇಲ್ಲೇ ಅಲ್ವಾ ತೀರಿಕೊಂಡದ್ದು."

ಅವಳ ದನಿಯಲ್ಲಿ ಕೋಪವಾಗಲಿ ಕೊಂಕಾಗಲಿ ಇರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳುವವರ ಹಾಗೆ ಕೇಳಿದಳು. ಚಿಕ್ಕಮ್ಮ ಏನೋ ತಪ್ಪಾಗಿದೆ, ಕ್ಷಮಿಸಿ, ಮನೆಗೆ ಹೋಗಿ ಎಂದಳು. ಆ ಸೊಸೆ "ಪರವಾಗಿಲ್ಲ, ಕಾಯ್ತೀನಿ" ಎಂದು ಟೋಕನ್ ಯಂತ್ರದ ಕಡೆ ಹೋಗಿ, ಅಲ್ಲಿಂದ ಬಂದು ಕುರ್ಚಿಗಳ ಸಾಲಿನಲ್ಲಿ ಕೂತಳು. ಪಕ್ಕದ ಕುರ್ಚಿ ಖಾಲಿಯಿತ್ತು. ಯಾರೋ ಕೂರಲು ಹೋದರೆ ಕೈ ಅಡ್ಡ ಇಟ್ಟು, "ಇಲ್ಲಿ ಜನ ಇದ್ದಾರೆ" ಎಂದಳು. ಗೋಡೆಯ ಪರದೆಯಲ್ಲಿ ಅವಳ ಮಾವನ ಹೆಸರಿನ ಮುಂದೆ 'ಬಂದರು' ಅಂತ ಹಸಿರಾಗಿ ಕಾಣಿಸಿತು. ಅವಳೇ ನಂಬರು ಒತ್ತಿದ್ದಾಳೆ, ಇದರಲ್ಲಿ ದೆವ್ವದ ಮಾತೇನಿದೆ ಅಂತ ನನಗೆ ನಾನೇ ಹೇಳಿಕೊಂಡೆ. ಆದರೂ ಆ ಖಾಲಿ ಕುರ್ಚಿಯ ಕಡೆ ನೋಡುವುದಕ್ಕೆ ನನ್ನಿಂದ ಆಗಲಿಲ್ಲ. ನೂಕುನುಗ್ಗಲಿನ ಸೋಮವಾರ, ನಿಂತೇ ಕಾಲು ಸೋತವರಿದ್ದರು, ಅವರು ಕೂಡ ಅದರ ಹತ್ತಿರ ಸುಳಿಯಲಿಲ್ಲ.

ಮಧ್ಯಾಹ್ನ ಅವಳು ಎದ್ದು ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡಿಕೊಂಡು ಗಾಜಿನ ಹತ್ತಿರ ಬಂದಳು.

"ಬಂದಿದ್ರು" ಎಂದಳು. "ಮೊದಲಿಗಿಂತ ಸಣ್ಣ ಆಗಿದಾರೆ."

ಚಿಕ್ಕಮ್ಮ ಆ ದಿನ ಊಟದ ಡಬ್ಬಿ ಬಿಚ್ಚಲಿಲ್ಲ.

ಸುದ್ದಿ ತಿಳಿದು ಗೆರೆ ಮೇಡಂ ಓಡಿ ಬಂದರು. ಸಾಫ್ಟ್‌ವೇರು ಎಲ್ಲಿ ಕೆಟ್ಟಿದೆ ಅಂತ ಹುಡುಕಿದರೆ ಅದು ಎಲ್ಲಿಯೂ ಕೆಟ್ಟಿರಲಿಲ್ಲ. ಕೊನೆಗೆ ವಾರ್ಡಿನ ಸಿಸ್ಟರನ್ನು ಕರೆದು ಕೇಳಿದರು. ಆ ಸೊಸೆಯ ಮಾವ ಆಪರೇಷನ್ ಥಿಯೇಟರಿಗೆ ಹೊರಟಾಗ ಏನು ಒತ್ತಿದಿರಿ?

"ಬರ್ತೀನಿ ಅಂದವರು ಅಂತ ಒತ್ತಿದೆ ಮೇಡಂ."

"ಅದು ವಾಸಿಯಾಗಿ ಮನೆಗೆ ಹೋಗೋರಿಗೆ ಅಲ್ವಾ?"

ಸಿಸ್ಟರ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅವರು ಬರ್ತೀನಿ ಅಂದ್ರಲ್ಲ ಮೇಡಂ. ಟ್ರಾಲಿ ಮೇಲೆ ಮಲಗಿ ನನ್ನ ಮುಖ ನೋಡೇ ಅಂದ್ರು. ಅದಕ್ಕೇ ಅದನ್ನ ಒತ್ತಿದೆ."

ಥಿಯೇಟರಿಗೆ ಹೊರಟವರಲ್ಲಿ ಬರ್ತೀನಿ ಅನ್ನದವರು ಯಾರಿದ್ದಾರೆ? ಬದುಕಿ ಬಂದವರನ್ನು ವಾರ್ಡಿನವರು ಮತ್ತೆ ಸೇರಿಸಿಕೊಳ್ಳುತ್ತಿದ್ದರು, ಅದರಿಂದ ತಪ್ಪು ಯಾರಿಗೂ ತಿಳಿದಿರಲಿಲ್ಲ. ಬದುಕದವರಿಗೆ ಥಿಯೇಟರಿನವರು 'ಹೋದವರು' ಒತ್ತಿದರೆ ಪರದೆ ಒಪ್ಪುತ್ತಿರಲಿಲ್ಲ. 'ಇವರು ಇಲ್ಲಿಲ್ಲ, ಆಗಲೇ ಬರ್ತೀನಿ ಅಂದಿದ್ದಾರೆ' ಅನ್ನುತ್ತಿತ್ತು. ಏನೋ ಕಂಪ್ಯೂಟರಿನ ತಕರಾರು ಅಂತ ಅವರು ಮರಣಪತ್ರ ಕೈಯಲ್ಲಿ ಬರೆದು ಕೊಟ್ಟು ಕಳಿಸಿದ್ದರು. ಹೀಗೆ ಸತ್ತವರೆಲ್ಲ, ಒಬ್ಬೊಬ್ಬರೇ, ಮುಂದಿನ ಯಾವುದೋ ಒಂದು ಸೋಮವಾರಕ್ಕೆ ಬರುವವರಾಗಿ ಕೂತಿದ್ದರು.

ಗೆರೆ ಮೇಡಂ ಅವರನ್ನೆಲ್ಲ ಒಂದೇ ಪರದೆಗೆ ತಂದರು. ಚಿಕ್ಕಮ್ಮ ಓದುತ್ತಾ ಓದುತ್ತಾ ನಿಂತಳು. ಚಿಕ್ಕಪ್ಪನ ಹೆಸರು ಕೆಳಗಿನಿಂದ ಸ್ವಲ್ಪ ಮೇಲಿತ್ತು.

"ಇವರನ್ನೆಲ್ಲ ಹೋದವರು ಡಬ್ಬಿಗೆ ಎಳೆದು ಹಾಕಬೇಕು" ಎಂದರು ಗೆರೆ ಮೇಡಂ. ಅವರಿಗೆ ಚಿಕ್ಕಪ್ಪನ ಹೆಸರು ಗೊತ್ತಿರಲಿಲ್ಲ.

"ನಿಮ್ಮ ಆಫೀಸಿನವರು ಮಾಡಲ್ವಾ?"

"ಅವರು ಯಾಕೆ? ನೀವೇ ಮಾಡಬಹುದು ಮೇಡಂ. ಅದಕ್ಕೇ ಅಲ್ವಾ ಇಷ್ಟು ಸುಲಭ ಮಾಡಿದ್ದು."

ಹಿಂದಿನ ಕಾಲವಾಗಿದ್ದರೆ ಎಲ್ಲೋ ದೂರದ ಕೋಣೆಯಲ್ಲಿ, ಇವರ್ಯಾರನ್ನೂ ಕಂಡಿರದ ಒಬ್ಬ ಪ್ರೋಗ್ರಾಮರ್ ಒಂದು ಸಾಲು ಬರೆದು ಎಲ್ಲರನ್ನೂ ಸಾಯಿಸಿ ಚಹಾಕ್ಕೆ ಎದ್ದು ಹೋಗುತ್ತಿದ್ದ. ಈಗ ಚಿಕ್ಕಮ್ಮನೇ ತನ್ನ ಬೆರಳಲ್ಲಿ ಎಳೆಯಬೇಕು. ಅವಳು 'ಬರ್ತೀನಿ ಅಂದವರು' ಡಬ್ಬಿಯ ಹೆಸರನ್ನು ಮೊದಲು ಬದಲಾಯಿಸಿದಳು, 'ಮನೆಗೆ ಕಳಿಸಿದವರು' ಎಂದು. ಚೆನ್ನಾಗಿಲ್ಲ ಅಂತ ಅವಳೇ ಗೊಣಗಿದಳು. ಆಮೇಲೆ ಒಬ್ಬೊಬ್ಬರನ್ನೇ ಮೆಲ್ಲಗೆ ಎಳೆದಳು. ಮುದುಕರಿದ್ದರು, ಮೀಸೆ ಚಿಗುರುತ್ತಿದ್ದವರಿದ್ದರು, ಒಬ್ಬಳು ಹೊಸ ಮದುವಣಗಿತ್ತಿಯಿದ್ದಳು. ಚಿಕ್ಕಪ್ಪನ ಹೆಸರಿಗೆ ಬಂದಾಗ ಕನ್ನಡಕ ಒರೆಸಿಕೊಂಡು ಅದನ್ನು ದಾಟಿ ಮುಂದಿನದಕ್ಕೆ ಹೋದಳು.

"ಒಬ್ಬರು ಉಳಿದುಬಿಟ್ಟರಲ್ಲ" ಎಂದರು ಗೆರೆ ಮೇಡಂ.

"ಅವರ ಸೋಮವಾರಕ್ಕೆ ಇನ್ನೂ ಕೆಲವು ವಾರ ಇದೆ" ಎಂದಳು ಚಿಕ್ಕಮ್ಮ. "ಅದೊಂದು ಆಗಿ ಹೋಗ್ಲಿ."

ಗೆರೆ ಮೇಡಂ ನನ್ನ ಕಡೆ ನೋಡಿದರು. ನಾನು ಕಣ್ಣಲ್ಲೇ ತಿಳಿಸಿದೆ. ಅವರು ತಮ್ಮ ಚೀಲ ಎತ್ತಿಕೊಂಡು, ಆ ಸೋಮವಾರ ಸಂಜೆಯೊಳಗೆ ಮುಗಿಸಿಬಿಡಿ, ಇಲ್ಲದಿದ್ದರೆ ತಪ್ಪು ಸುದ್ದಿ ಬೇರೆ ಆಸ್ಪತ್ರೆಗಳಿಗೂ ಹೋಗುತ್ತದೆ ಎಂದಷ್ಟೇ ಹೇಳಿ ಹೊರಟರು.

ಆ ಸೋಮವಾರ ಹತ್ತಿರವಾದಂತೆ ನನಗೆ ಭಯ ಹತ್ತಿತು. ಯಾಕೆಂದರೆ ಆ ಸೊಸೆ ಬರುವುದನ್ನು ನಿಲ್ಲಿಸಿರಲಿಲ್ಲ. ಅವಳ ಮಾವನನ್ನು ಎಳೆದು ಹಾಕಿದ ಮೇಲೆ ಗೋಡೆಯ ಪರದೆಯಲ್ಲಿ ಅವರ ಹೆಸರಿರಲಿಲ್ಲ, ಫೋನಿಗೆ ಸಂದೇಶವೂ ಇಲ್ಲ. ಆದರೂ ಸೋಮವಾರವಾದರೆ ಅದೇ ಫ್ಲಾಸ್ಕು, ಅದೇ ಕುರ್ಚಿ, ಪಕ್ಕದ್ದಕ್ಕೆ ಅಡ್ಡ ಇಟ್ಟ ಅದೇ ಕೈ. ಅವಳ ಗಂಡ ಬಂದು ಗೋಗರೆದ, ಬೈದ, ಒಂದು ಸಲ ಎಳೆದುಕೊಂಡೇ ಹೋದ. ಮುಂದಿನ ಸೋಮವಾರ ಅವಳು ಮತ್ತೆ ಅಲ್ಲೇ ಇದ್ದಳು. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರಂತೆ. ಚಿಕ್ಕಮ್ಮ ಅವಳನ್ನು ನೋಡುವ ರೀತಿ ನೋಡಿ ನನಗೆ ಇನ್ನೂ ಭಯವಾಯಿತು. ಅದರಲ್ಲಿ ಕನಿಕರವಿರಲಿಲ್ಲ. ಆಸೆಯಿತ್ತು.

ಅಷ್ಟರಲ್ಲಿ ಚಿಕ್ಕಮ್ಮನ ಫೋನಿಗೂ ಸಂದೇಶ ಬಂತು. ಅವಳೇ ಬರೆದ ಮಾತು. ನಿಮ್ಮವರು ಸೋಮವಾರ ಬರುವವರಿದ್ದಾರೆ, ಮರೆಯಬೇಡಿ. ಅವಳು ಅದನ್ನು ನನಗೆ ತೋರಿಸದೆ ಫೋನನ್ನು ಮಗುಚಿಟ್ಟಳು. ನಾನು ನೋಡಿಯೇ ಇದ್ದೆ.

"ಚಿಕ್ಕಮ್ಮ, ಇವತ್ತೇ ತೆಗೆದುಬಿಡು" ಎಂದೆ. "ನಿನ್ನಿಂದ ಆಗದಿದ್ರೆ ನಾನು ಎಳೀತೀನಿ."

"ನಿನ್ನ ಕೌಂಟರಿಂದ ಆಗಲ್ಲ. ನನ್ನ ಬೆರಳೇ ಬೇಕು."

"ಹಾಗಾದ್ರೆ ನೀನೇ ತೆಗಿ."

"ಬರ್ತೀನಿ ಅಂದಿದಾರೆ ಕಣೇ" ಎಂದಳು. ಮಗುವಿಗೆ ಹೇಳುವ ಹಾಗೆ, ಮೆತ್ತಗೆ. "ಬರೋರನ್ನ ನಾನು ಬಾಗಿಲಲ್ಲೇ ತಡೆಯಲಾ?"

ಸೋಮವಾರ ಅವಳು ಅವರಿಗೆ ಇಷ್ಟವಾದ ನೀಲಿ ಸೀರೆ ಉಟ್ಟಳು. ನಾನು ಏನೂ ಅನ್ನಲಿಲ್ಲ. ಆಸ್ಪತ್ರೆಯಲ್ಲಿ ಗೋಡೆಯ ಪರದೆ ಹತ್ತಿದಾಗ ಚಿಕ್ಕಪ್ಪನ ಹೆಸರು ಎಲ್ಲರ ಹೆಸರಿನ ನಡುವೆ ಇತ್ತು. ಅವಳು ಎಂದಿನಂತೆ ಕೆಲಸ ಮಾಡುತ್ತಿದ್ದಳು, ಚೀಟಿ ಮುದುಡಿ ತಂದವರನ್ನು ಎಂದಿನಂತೆ ಬೈದಳು. ಪ್ರತಿ ಸಲ ಮುಂಬಾಗಿಲು ಸರಿದಾಗ ಅವಳ ಕುತ್ತಿಗೆ ಮಾತ್ರ ಆ ಕಡೆ ತಿರುಗುತ್ತಿತ್ತು.

ನನ್ನ ಕೌಂಟರಿನ ಮುಂದೆ ಆ ದಿನ ಜನವೋ ಜನ. ನಾವು ಹೆಸರು ಕೂಗುವುದಿಲ್ಲ. ಯಾರಿಗೆ ಯಾವ ಮಾತ್ರೆ ಅನ್ನುವುದು ಊರಿಗೆಲ್ಲ ಗೊತ್ತಾಗಬಾರದು ಅಂತ ಟೋಕನ್ ನಂಬರು ಮಾತ್ರ ಕೂಗುತ್ತೇವೆ, ಕೊಡುವ ಹೊತ್ತಿಗೆ ನನ್ನ ಪರದೆಯಲ್ಲೂ ನಂಬರು, ಮಾತ್ರೆ ಅಷ್ಟೇ ಕಾಣುತ್ತದೆ. ಕೂಗುತ್ತೇನೆ, ಗಾಜಿನ ಕೆಳಗಿನ ಕಂಡಿಯಲ್ಲಿ ಒಂದು ಕೈ ಒಳಗೆ ಬರುತ್ತದೆ, ಟೋಕನ್ ಇಸಿದುಕೊಂಡು ಮಾತ್ರೆ ಕವರಿಗೆ ಹಾಕಿ ಕೊಡುತ್ತೇನೆ. ಸೋಮವಾರ ತಲೆ ಎತ್ತುವಷ್ಟು ಪುರುಸೊತ್ತು ಯಾರಿಗಿದೆ. ಹಾಗೇ ಒಂದು ಕೈಗೆ ಬಿಪಿ ಮಾತ್ರೆಯ ಕವರು ಕೊಟ್ಟೆ. ಆ ಕೈ ಕವರನ್ನು ಅಲ್ಲೇ ಬಿಟ್ಟು, ಒಳಗಿನ ಮಾತ್ರೆ ಪಟ್ಟಿಗಳನ್ನಷ್ಟೇ ತೆಗೆದುಕೊಂಡಿತು.

"ಕವರ್ ಬೇಡಮ್ಮಾ. ಬರ್ತೀನಿ."

ಮುಂದಿನ ನಂಬರು ಕೂಗಿದೆ. ಆಮೇಲೆ ಇನ್ನೊಂದು, ಮತ್ತೊಂದು. ಕೈ ಕೆಲಸ ಮಾಡುತ್ತಲೇ ಇತ್ತು. ಕಂಡಿಯ ಪಕ್ಕದಲ್ಲಿ ಆ ಖಾಲಿ ಕವರು ಬಾಯಿ ತೆರೆದುಕೊಂಡು ಬಿದ್ದಿದ್ದು ನನ್ನ ಕಣ್ಣಿಗೆ ಬಿದ್ದದ್ದು ಜನ ಸ್ವಲ್ಪ ಕರಗಿದ ಮೇಲೆ. ಚಿಕ್ಕಪ್ಪ ಯಾವತ್ತೂ ಕವರು ತೆಗೆದುಕೊಂಡವರಲ್ಲ, ಪಟ್ಟಿಗಳನ್ನು ಸೀದಾ ಅಂಗಿ ಜೇಬಿಗೆ ಇಳಿಸುತ್ತಿದ್ದರು. ನಾನು ಪರದೆಯಲ್ಲಿ ಹಿಂದಕ್ಕೆ ಹೋಗಿ ನೋಡಿದೆ. ಅವರ ಹೆಸರು, ಅವರ ಮಾತ್ರೆ, ಮುಂದೆ ನಾನೇ ಒತ್ತಿದ 'ಕೊಟ್ಟಾಯ್ತು'. ತಲೆ ಎತ್ತಿ ಗೋಡೆ ನೋಡಿದೆ. 'ಬಂದರು' ಎಂದಿತ್ತು.

ಮೊದಲು ನನಗೆ ಚಿಕ್ಕಮ್ಮನ ಮೇಲೆ ಅನುಮಾನ ಬಂತು. ಅವಳೇ ಹೋಗಿ ಅವರ ನಂಬರು ಒತ್ತಿರಬೇಕು. ಬಾಗಿಲಿನ ಕಾವಲುಗಾರನನ್ನು ಕೇಳಿದೆ. "ಮೇಡಂ ಬೆಳಿಗ್ಗೆಯಿಂದ ಕುರ್ಚಿ ಬಿಟ್ಟು ಅಲ್ಲಾಡಿಲ್ಲ" ಎಂದ. ಗೆರೆ ಮೇಡಂಗೆ ಫೋನು ಮಾಡಿದೆ. ಯಾರೋ ತಮ್ಮ ನಂಬರಿನಲ್ಲಿ ಒಂದು ಅಂಕಿ ತಪ್ಪಿ ಒತ್ತಿರುತ್ತಾರೆ, ಚಿಕ್ಕಪ್ಪನ ಟೋಕನ್ ಅವರ ಕೈಗೆ ಬಂದಿರುತ್ತದೆ ಎಂದರು. ಇರಬಹುದು. ಹಾಗಾದರೆ ಆ ಮನುಷ್ಯ ತನ್ನದಲ್ಲದ ಮಾತ್ರೆ ಸಿಕ್ಕಿತು ಅಂತ ವಾಪಸು ಬರಬೇಕಿತ್ತು. ಆವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ. ಕವರು ಬೇಡ ಅನ್ನುವವರು ನೂರು ಜನ ಇದ್ದಾರೆ, ಅದೂ ನನಗೆ ಗೊತ್ತು. ಆ ದನಿಯನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ. ಎಷ್ಟು ಪ್ರಯತ್ನಿಸಿದರೂ ಅದು ಚಿಕ್ಕಪ್ಪನದ್ದು ಅನ್ನಲೂ ಆಗಲಿಲ್ಲ, ಅಲ್ಲ ಅನ್ನಲೂ ಆಗಲಿಲ್ಲ.

ಸಂಜೆ ಮುಂಬಾಗಿಲಿನ ಹತ್ತಿರದ ದೀಪ 'ಇನ್ನು ಟೋಕನ್ ಇಲ್ಲ' ಅಂತ ಕೆಂಪಾದ ಮೇಲೆ ಚಿಕ್ಕಮ್ಮನ ಕೌಂಟರಿಗೆ ಹೋದೆ. ಅವಳ ಪರದೆಯಲ್ಲಿ ಚಿಕ್ಕಪ್ಪನ ಹೆಸರೊಂದೇ ತೆರೆದಿತ್ತು. 'ಕೊಟ್ಟಾಯ್ತು' ಅನ್ನುವುದನ್ನೂ ಅವಳು ನೋಡಿದ್ದಳು.

"ನಿನ್ನ ಹತ್ರ ಬಂದಿದ್ರಂತೆ" ಎಂದಳು.

"ಯಾರೋ ಬಂದಿದ್ರು."

"ನಾನು ಬಾಗಿಲ ಕಡೆ ನೋಡ್ತಾನೇ ಇದ್ದೆ. ಹೇಗೆ ತಪ್ಪಿಸಿಕೊಂಡ್ರೋ." ಆಮೇಲೆ ಕೇಳಿದಳು, "ಹೋಗುವಾಗ ಏನಂದ್ರು?"

ಇಡೀ ದಿನ ನಾನು ಹೆದರಿದ್ದು ಈ ಪ್ರಶ್ನೆಗೆ. ಬರ್ತೀನಿ ಅಂದರು ಎಂದರೆ ಆಯಿತು, ಇವಳು ಆ ಹೆಸರನ್ನು ಎಂದೂ ಮುಟ್ಟುವುದಿಲ್ಲ. ಮುಂದಿನ ಸೋಮವಾರ ಇದೇ ನೀಲಿ ಸೀರೆ. ಅದರ ಮುಂದಿನ ಸೋಮವಾರ ಗಾಜಿನ ಹಿಂದಿನಿಂದ ಎದ್ದು ಆ ಸೊಸೆಯ ಸಾಲಿನಲ್ಲಿ ಕೂತು, ಪಕ್ಕದ ಕುರ್ಚಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾಳೆ. ಸತ್ತವರಿಗಾಗಿ ನನ್ನ ಚಿಕ್ಕಮ್ಮನನ್ನು ಬಿಟ್ಟುಕೊಡಲು ನನ್ನಿಂದ ಆಗುವುದಿಲ್ಲ. ಅವರು ಎಷ್ಟೇ ಒಳ್ಳೆಯವರಿರಲಿ, ನನ್ನ ಚಿಕ್ಕಪ್ಪನೇ ಇರಲಿ.

"ಹೋಗ್ತೀನಿ ಅಂದ್ರು" ಎಂದೆ.

ಅವಳು ಕನ್ನಡಕ ತೆಗೆದು ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

"ನಿನಗೆ ಸುಳ್ಳು ಹೇಳೋಕೂ ನೆಟ್ಟಗೆ ಬರಲ್ಲ" ಎಂದಳು. "ಹಾಲು ತರೋಕೆ ಹೋಗುವಾಗಲೂ ಆ ಮನುಷ್ಯ ಆ ಮಾತಾಡಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. "ನನಗೆ ಭಯ ಆಗುತ್ತೆ ಚಿಕ್ಕಮ್ಮ. ನೀನೂ ಹೋಗಿ ಆ ಕುರ್ಚೀಲಿ ಕೂತುಬಿಟ್ರೆ ನನಗೆ ಯಾರಿದಾರೆ?"

ಅವಳು ಕುರ್ಚಿಗಳ ಸಾಲಿನ ಕಡೆ ನೋಡಿದಳು. ಜನ ಹೋಗಿದ್ದರು. ಆ ಸೊಸೆಯೊಬ್ಬಳೇ ಖಾಲಿ ಕುರ್ಚಿಯ ಕಡೆ ಬಾಗಿ ಏನೋ ಮಾತಾಡುತ್ತಿದ್ದಳು, ನಡುನಡುವೆ ಉತ್ತರ ಕೇಳಿಸಿಕೊಳ್ಳುವವರ ಹಾಗೆ ಸುಮ್ಮನಾಗುತ್ತಿದ್ದಳು. ಚಿಕ್ಕಮ್ಮ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಪರದೆಯ ಕಡೆ ತಿರುಗಿ, ಚಿಕ್ಕಪ್ಪನ ಹೆಸರಿನ ಮೇಲೆ ಬೆರಳಿಟ್ಟು, ನಿಧಾನವಾಗಿ ಎಳೆದುಕೊಂಡು ಹೋಗಿ ಹೋದವರ ಡಬ್ಬಿಯಲ್ಲಿ ಬಿಟ್ಟಳು. ಗೋಡೆಯಿಂದ ಆ ಹೆಸರು ಅಳಿಸಿಹೋಯಿತು, ಕೆಳಗಿದ್ದವರು ಒಬ್ಬೊಬ್ಬರಾಗಿ ಒಂದು ಸಾಲು ಮೇಲೆ ಬಂದರು.

ಅವಳು ಬೆರಳನ್ನು ಪರದೆಯಿಂದ ತೆಗೆಯಲಿಲ್ಲ.

"ಮುಖ ನೋಡಿದ್ಯಾ?" ಎಂದು ಕೇಳಿದಳು.

"ಇಲ್ಲ ಚಿಕ್ಕಮ್ಮ. ಜನ ಇದ್ರು. ನಾನು ತಲೆ ಎತ್ತಲಿಲ್ಲ."

"ಅಲ್ಲಿ ತನಕ ಬಂದಿದ್ರು" ಎಂದಳು. "ಒಂದು ಸಲ ನೋಡಬಾರದಿತ್ತಾ."